ಸರ್ವಶಕ್ತನಾದ ದೇವರು ನಮ್ಮನ್ನು ಏಕೆ ಸೃಷ್ಟಿಸಿದ? ಈ ಪ್ರಶ್ನೆಯನ್ನು ವಿಚಾರಿಸುವ ಕ್ರಮ

"ದೇವರ ಹತ್ತಿರ ಎಲ್ಲವೂ ಇತ್ತು ಅಂತೀರಿ. ಹಾಗಾದರೆ ನಮ್ಮನ್ನು ಯಾಕೆ ಮಾಡಿದ? ಒಬ್ಬನೇ ಇದ್ದು ಬೇಜಾರಾಗಿತ್ತಾ?" ಹತ್ತು ವರ್ಷದ ಹುಡುಗಿಯೊಬ್ಬಳು ಓದುತ್ತಿದ್ದ ಪುಸ್ತಕವನ್ನು ಮಡಚಿಟ್ಟು ನನ್ನನ್ನು ಹೀಗೆ ಕೇಳಿದಳು. ಅಷ್ಟು ವರ್ಷಗಳ ಓದಿನಿಂದ ನಾನು ಕೂಡಿಟ್ಟುಕೊಂಡಿದ್ದ ಉತ್ತರಗಳಲ್ಲಿ ಒಂದೂ ಆ ಮೂರು ಪುಟ್ಟ ವಾಕ್ಯಗಳ ಮುಂದೆ ನಿಲ್ಲಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಅವಳಿಂದ ಸಮಯ ಕೇಳಿ, ಪ್ರಶ್ನೆಯನ್ನು ಬುಡದಿಂದ ಬಿಡಿಸಿ ನೋಡಲು ಕುಳಿತೆ. ಈ ಪ್ರಶ್ನೆ ಮನಸ್ಸಿಗೆ ಹತ್ತಿದವರು ಆಸ್ತಿಕರಾಗಿರಲಿ, ಸಂದೇಹವಾದಿಗಳಾಗಿರಲಿ, ಅದನ್ನು ಹೇಗೆ ಕೈಗೆತ್ತಿಕೊಳ್ಳಬೇಕು, ಯಾವ ಉತ್ತರವನ್ನು ಯಾವ ಒರೆಗಲ್ಲಿಗೆ ಉಜ್ಜಿ ನೋಡಬೇಕು ಎಂಬುದನ್ನು ನಾನು ಕಂಡುಕೊಂಡಷ್ಟು ಇಲ್ಲಿ ವಿವರಿಸುತ್ತೇನೆ.

ಮೊದಲು ಪದಗಳನ್ನು ಬಿಡಿಸಿಕೊಳ್ಳಿ

ಒಂದು ಹಾಳೆಯ ಮೇಲೆ ಪ್ರಶ್ನೆಯನ್ನು ಪೂರ್ತಿಯಾಗಿ ಬರೆದುಕೊಂಡು "ಏಕೆ" ಎಂಬ ಪದದ ಕೆಳಗೆ ಗೆರೆ ಎಳೆಯಿರಿ. ಆ ಒಂದು ಪದದಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ಮಡಕೆ ಏಕೆ ಉಂಟಾಯಿತು ಎಂದು ಕೇಳಿದರೆ, ಮಣ್ಣು, ತಿಗರಿ, ಕುಂಬಾರ ಇದ್ದುದರಿಂದ ಎಂದೂ ಹೇಳಬಹುದು, ನೀರು ತುಂಬಿಡಲೆಂದು ಎಂದೂ ಹೇಳಬಹುದು. ಮೊದಲನೆಯದು ಕಾರಣ, ಎರಡನೆಯದು ಪ್ರಯೋಜನ. ಜಗತ್ತಿನ ವಿಷಯದಲ್ಲಿ ನಾವು ಬಹುಮಟ್ಟಿಗೆ ಎರಡನೆಯದನ್ನು ಕೇಳುತ್ತಿರುತ್ತೇವೆ. ಆದರೆ ಕೊಡುವವರು ಕೆಲವೊಮ್ಮೆ ಮೊದಲನೆಯದಕ್ಕೆ ಉತ್ತರ ಕೊಟ್ಟು ಸುಮ್ಮನಾಗುತ್ತಾರೆ. "ಪ್ರಯೋಜನ" ಎಂದಾಕ್ಷಣ ಅದು ಯಾರ ಪ್ರಯೋಜನ, ಮಾಡಿದವನದೋ ಮಾಡಲ್ಪಟ್ಟವರದೋ ಎಂದು ಮತ್ತೊಮ್ಮೆ ಕೇಳಬೇಕು. ಅರ್ಧಕ್ಕರ್ಧ ಗೊಂದಲ ಇಲ್ಲೇ ತಿಳಿಯಾಗುತ್ತದೆ.

ಮುಂದಿನ ಗೆರೆ "ಸರ್ವಶಕ್ತ" ಎಂಬ ಪದದ ಕೆಳಗೆ. ಮನುಷ್ಯನು ಬಾವಿ ತೋಡುವುದು ನೀರು ಬೇರೆ ರೀತಿಯಲ್ಲಿ ಸಿಗದಿರುವುದರಿಂದ. ಸರ್ವಶಕ್ತನಿಗೆ ಬಾವಿಯ ಹಂಗಿಲ್ಲ, ನೀರು ಬೇಕೆಂದರೆ ನೀರೇ ಇರುತ್ತದೆ. ಆದ್ದರಿಂದ "ಇಂಥದ್ದನ್ನು ಸಾಧಿಸಲು ದೇವರು ಜಗತ್ತನ್ನು ಮಾಡಿದ" ಎಂದು ಯಾರಾದರೂ ಹೇಳಿದರೆ, ಆ ಗುರಿಯನ್ನು ಜಗತ್ತಿಲ್ಲದೆಯೇ ನೇರವಾಗಿ ಪಡೆಯಲು ಅವನಿಗೆ ಏಕೆ ಆಗುತ್ತಿರಲಿಲ್ಲ ಎಂದು ಕೇಳುವ ಹಕ್ಕು ನಿಮಗಿದೆ. ಈ ಪ್ರಶ್ನೆಗೆ ಸರಿಯಾದ ಉತ್ತರ ಒಂದೇ ಬಗೆಯದ್ದಾಗಿರಲು ಸಾಧ್ಯ: ಜಗತ್ತಿಲ್ಲದೆ ಆ ಗುರಿ ಎಂಬುದಕ್ಕೆ ಅರ್ಥವೇ ಇಲ್ಲ ಎಂದು ತೋರಿಸಬೇಕು. ಸರ್ವಶಕ್ತಿ ಎಂದರೆ ಸ್ವವಿರೋಧವನ್ನೂ ಆಗಿಸುವ ಶಕ್ತಿಯಲ್ಲ ಎಂದು ಕ್ರೈಸ್ತ ದೇವತಾಶಾಸ್ತ್ರಜ್ಞ ತಾಮಸ್ ಅಕ್ವಿನಾಸ್ (1225–1274) ಸ್ಪಷ್ಟಪಡಿಸಿದ್ದಾನೆ. ಚೌಕಾಕಾರದ ವೃತ್ತ ಎಂಬ ಮಾತು ಯಾವ ವಸ್ತುವನ್ನೂ ಸೂಚಿಸದಿರುವುದರಿಂದ ಅದನ್ನು ಮಾಡಲಾಗದಿರುವುದು ಶಕ್ತಿಯ ಕೊರತೆಯಾಗುವುದಿಲ್ಲ. ಈ ಅಂಶವನ್ನು ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಇದು ಬೇಕಾಗುತ್ತದೆ.

"ಸೃಷ್ಟಿ" ಎಂಬುದೂ ಎಲ್ಲರ ಬಾಯಲ್ಲಿ ಒಂದೇ ಅರ್ಥದ ಪದವಲ್ಲ. ಯೆಹೂದಿ, ಕ್ರೈಸ್ತ ಮತ್ತು ಇಸ್ಲಾಂ ಪರಂಪರೆಗಳ ಮುಖ್ಯ ಧಾರೆಯಲ್ಲಿ ಅದು ಏನೂ ಇಲ್ಲದಲ್ಲಿಂದ ಇರುವಂತೆ ಮಾಡುವುದು. ವೇದಾಂತದಲ್ಲಿ ಸೃಷ್ಟಿಯೂ ಪ್ರಳಯವೂ ಆದಿಯಿಲ್ಲದ ಚಕ್ರ. ಸಂಸ್ಕೃತದ "ಸೃಜ್" ಧಾತುವಿಗೆ ಹೊರಬಿಡು, ಹರಿಯಬಿಡು ಎಂಬ ಅರ್ಥವಿದೆ. ಒಂದು ಪರಂಪರೆಯ ಉತ್ತರವನ್ನು ಇನ್ನೊಂದರ ಪ್ರಶ್ನೆಗೆ ಅಂಟಿಸುವ ಮೊದಲು ಈ ಭೇದವನ್ನು ಗಮನಿಸಬೇಕು.

ಆಕ್ಷೇಪವನ್ನು ಅದರ ಪೂರ್ಣ ಬಲದಲ್ಲಿ ಕೇಳಿಸಿಕೊಳ್ಳಿ

ಉತ್ತರಗಳನ್ನು ಹುಡುಕುವ ಮೊದಲು ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ಆಕ್ಷೇಪವನ್ನು, ಕಟ್ಟುವುದು ನಮ್ಮ ಶಾಸ್ತ್ರಕಾರರ ಪದ್ಧತಿ, ಮತ್ತು ಅದೇ ಸರಿಯಾದ ಪದ್ಧತಿ. ಇಲ್ಲಿಯ ಪೂರ್ವಪಕ್ಷ ಎರಡು ಕವಲುಗಳುಳ್ಳದ್ದು. ದೇವರಿಗೆ ಪ್ರಯೋಜನವೊಂದು ಇತ್ತು ಎಂದರೆ ಅವನಲ್ಲಿ ಏನೋ ಕೊರತೆಯಿತ್ತು ಎಂದಾಗುತ್ತದೆ, ಆಗ ಅವನು ಪೂರ್ಣನಲ್ಲ. ಪ್ರಯೋಜನವೇ ಇರಲಿಲ್ಲ ಎಂದರೆ ಅವನು ಅರ್ಥವಿಲ್ಲದ ಕೆಲಸ ಮಾಡಿದ ಎಂದಾಗುತ್ತದೆ, ಆಗ ಅವನು ವಿವೇಕಿಯಲ್ಲ. "ಪ್ರಯೋಜನಮನುದ್ದಿಶ್ಯ ನ ಮಂದೋಽಪಿ ಪ್ರವರ್ತತೇ", ಪ್ರಯೋಜನವನ್ನು ಉದ್ದೇಶಿಸದೆ ಮಂದಬುದ್ಧಿಯವನೂ ಕೆಲಸಕ್ಕೆ ತೊಡಗುವುದಿಲ್ಲ ಎಂದು ವೇದದ ಕರ್ಮಭಾಗವನ್ನು ವಿಚಾರಿಸುವ ಮೀಮಾಂಸಾ ದರ್ಶನದ ಕುಮಾರಿಲ ಭಟ್ಟ ಹೇಳಿದ್ದು ಸೃಷ್ಟಿಕರ್ತನಾದ ಈಶ್ವರನನ್ನು ನಿರಾಕರಿಸುವ ಸಂದರ್ಭದಲ್ಲಿಯೇ. ವೇದವನ್ನು ಪ್ರಮಾಣವೆಂದು ಎತ್ತಿಹಿಡಿದವನೇ ಈ ಪ್ರಶ್ನೆಯನ್ನು ಇಷ್ಟು ತೀಕ್ಷ್ಣವಾಗಿ ಕೇಳಿದ್ದಾನೆ ಎಂಬುದನ್ನು ನೆನಪಿಟ್ಟುಕೊಂಡರೆ, ಹೀಗೆ ಕೇಳುವುದು ಅಪಚಾರವೆಂಬ ಅಳುಕು ಹೋಗುತ್ತದೆ. 9ನೆಯ ಶತಮಾನದ ಜೈನ ಆಚಾರ್ಯ ಜಿನಸೇನರೂ ಇದೇ ದಾರಿಯಲ್ಲಿ ಸೃಷ್ಟಿಕರ್ತೃತ್ವವನ್ನು ಖಂಡಿಸಿದರು. ಯೂರೋಪಿನಲ್ಲಿ ತತ್ತ್ವಜ್ಞಾನಿ ಸ್ಪಿನೋಜಾ (1632–1677), ದೇವರು ಒಂದು ಗುರಿಗಾಗಿ ಕೆಲಸ ಮಾಡುತ್ತಾನೆ ಎಂದರೆ ತನ್ನಲ್ಲಿಲ್ಲದ ಯಾವುದನ್ನೋ ಅವನು ಬಯಸುತ್ತಾನೆ ಎಂದು ಒಪ್ಪಿದಂತೆಯೇ ಎಂದು ವಾದಿಸಿದ. ಶತಮಾನಗಳೂ ಭಾಷೆಗಳೂ ಬೇರೆಯಾದರೂ ಎಲ್ಲರೂ ಒಂದೇ ಜಾಗಕ್ಕೆ ಬೆರಳಿಟ್ಟಿದ್ದಾರೆ.

ಹುಡುಗಿಯ "ಬೇಜಾರಾಗಿತ್ತಾ" ಎಂಬ ಮಾತು ಈ ಆಕ್ಷೇಪದ ಮೊದಲ ಕವಲೇ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಅಕ್ಷರಶಃ ಆ ಮಾತಿದೆ: "ಸ ವೈ ನೈವ ರೇಮೇ", ಒಂಟಿಯಾಗಿದ್ದ ಅವನಿಗೆ ಸಂತೋಷವಾಗಲಿಲ್ಲ, ಆದ್ದರಿಂದ ಅವನು ಎರಡನೆಯದನ್ನು ಬಯಸಿದ. ಶಂಕರಾಚಾರ್ಯರು ಈ ವಾಕ್ಯವನ್ನು ಪರಬ್ರಹ್ಮಕ್ಕೆ ಅನ್ವಯಿಸದೆ ಪ್ರಜಾಪತಿಗೆ ಅನ್ವಯಿಸುತ್ತಾರೆ, ಮತ್ತು ಭಯವೂ ಬೇಸರವೂ ಇದ್ದುದರಿಂದ ಆ ಪ್ರಜಾಪತಿಯೂ ಸಂಸಾರದ, ಅಂದರೆ ಹುಟ್ಟುಸಾವಿನ ಚಕ್ರದ, ಒಳಗಿನವನೇ ಎಂದು ತೀರ್ಮಾನಿಸುತ್ತಾರೆ. ಬೇಸರಪಡುವವನು ಯಾರೇ ಆಗಿರಲಿ, ಅವನು ನಾವು ಹುಡುಕುತ್ತಿರುವ ಸರ್ವಪೂರ್ಣನಲ್ಲ ಎಂಬ ನಿಲುವು ಇಲ್ಲಿ ಸ್ಪಷ್ಟವಾಗಿದೆ.

ಎರಡು ಒರೆಗಲ್ಲುಗಳನ್ನು ಇಟ್ಟುಕೊಳ್ಳಿ

ಇನ್ನು ಉತ್ತರಗಳನ್ನು ಪರೀಕ್ಷಿಸಬಹುದು. ಪ್ರತಿ ಉತ್ತರಕ್ಕೂ ಎರಡು ಪ್ರಶ್ನೆಗಳನ್ನು ಹಾಕಿರಿ: ಇದು ದೇವರನ್ನು ಬಡವನನ್ನಾಗಿ ಮಾಡುತ್ತದೆಯೇ? ಇದು ಮನುಷ್ಯನನ್ನು ಬರಿಯ ಆಟಿಕೆಯನ್ನಾಗಿ ಮಾಡುತ್ತದೆಯೇ? ಒಂದರಿಂದ ತಪ್ಪಿಸಿಕೊಳ್ಳುವ ಉತ್ತರ ಸಾಮಾನ್ಯವಾಗಿ ಇನ್ನೊಂದಕ್ಕೆ ಸಿಕ್ಕಿಬೀಳುತ್ತದೆ. ಎರಡರಲ್ಲೂ ಉಳಿಯುವ ಉತ್ತರಗಳು ಕೆಲವೇ.

ಲೀಲೆ ಎಂಬ ಉತ್ತರವನ್ನು ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಅದನ್ನು ಬಳಸುವಷ್ಟು ಸಲೀಸಾಗಿ ಯಾರೂ ಅರ್ಥಮಾಡಿಕೊಳ್ಳುವುದಿಲ್ಲ. ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರದಲ್ಲಿ ಶಂಕರಭಾಷ್ಯದ ಎಣಿಕೆಯಂತೆ 2.1.32ನೆಯ ಸೂತ್ರ ಮೇಲಿನ ಆಕ್ಷೇಪವನ್ನು ಎತ್ತುತ್ತದೆ. ಮರುಸೂತ್ರ "ಲೋಕವತ್ತು ಲೀಲಾಕೈವಲ್ಯಮ್" ಎಂದು ಉತ್ತರಿಸುತ್ತದೆ: ಲೋಕದಲ್ಲಿ ಕಾಣುವಂತೆಯೇ, ಇದು ಕೇವಲ ಲೀಲೆ. ಲೋಕದಲ್ಲಿ ಎಲ್ಲಿ ಕಾಣುತ್ತದೆ ಎಂಬುದಕ್ಕೆ ಮೂವರು ಆಚಾರ್ಯರು ಕೊಡುವ ದೃಷ್ಟಾಂತಗಳನ್ನು ಪಕ್ಕಪಕ್ಕದಲ್ಲಿಟ್ಟು ನಿಧಾನವಾಗಿ ನೋಡಿ. ಶಂಕರರು, ಬಯಸಿದ್ದೆಲ್ಲ ಕೈಗೂಡಿದ ರಾಜನ ವಿಹಾರವನ್ನು ಹೇಳಿ, ಅದರ ಜೊತೆಗೇ ಉಸಿರಾಟವನ್ನು ತರುತ್ತಾರೆ. ಉಸಿರಾಡುವವನು ಒಂದೊಂದು ಉಸಿರಿಗೂ ಪ್ರಯೋಜನವನ್ನು ಲೆಕ್ಕಹಾಕುವುದಿಲ್ಲ, ಅದು ಸ್ವಭಾವದಿಂದ ನಡೆಯುತ್ತದೆ. ರಾಮಾನುಜರು, ಏಳು ದ್ವೀಪಗಳ ಭೂಮಿಯನ್ನು ಆಳುವ, ಶೌರ್ಯ ಪರಾಕ್ರಮಗಳಲ್ಲಿ ಯಾವ ಕೊರತೆಯೂ ಇಲ್ಲದ ಮಹಾರಾಜನು ಚೆಂಡಾಟವಾಡುವುದನ್ನು ತೋರಿಸುತ್ತಾರೆ. ಮಧ್ವರು, ಸುಖ ಉಕ್ಕಿ ಬಂದು ಮೈಮರೆತವನು ಕುಣಿಯುವುದನ್ನೂ ಹಾಡುವುದನ್ನೂ ಹೇಳುತ್ತಾರೆ.

ಉಸಿರು, ಚೆಂಡು, ಕುಣಿತ. ಮೂರೂ ಒಂದೇ ಎಂದು ಮೇಲ್ನೋಟಕ್ಕೆ ಅನ್ನಿಸಬಹುದು, ಆದರೆ ಒಂದೊಂದೂ ಬೇರೆ ದೇವರನ್ನು ಚಿತ್ರಿಸುತ್ತದೆ. ಉಸಿರಿನ ದೃಷ್ಟಾಂತದಲ್ಲಿ ಸಂಕಲ್ಪಕ್ಕಿಂತ ಸ್ವಭಾವ ಮುಂದಿದೆ. ಶಂಕರರಿಗಿಂತ ಹಿಂದಿನ ಅದ್ವೈತಿ ಗೌಡಪಾದರ ಕಾರಿಕೆಯ "ದೇವಸ್ಯೈಷ ಸ್ವಭಾವೋಽಯಮ್ ಆಪ್ತಕಾಮಸ್ಯ ಕಾ ಸ್ಪೃಹಾ" ಎಂಬ ಸಾಲು ಇದೇ ಕಡೆಗೆ ಕೈತೋರಿಸುತ್ತದೆ: ಎಲ್ಲ ಬಯಕೆ ತೀರಿದವನಿಗೆ ಆಸೆಯೆಲ್ಲಿಂದ ಬರಬೇಕು? ಚೆಂಡಾಟದಲ್ಲಿ ಸಂಕಲ್ಪವಿದೆ, ಸ್ವಾತಂತ್ರ್ಯವಿದೆ, ಆಡುವುದೇ ಆಟದ ಪ್ರಯೋಜನವೂ ಆಗಿದೆ. ಕುಣಿತದಲ್ಲಿ ಆನಂದವು ಮೊದಲೇ ತುಂಬಿದೆ, ಕ್ರಿಯೆ ಅದರಿಂದ ಹೊರಚೆಲ್ಲುತ್ತದೆ. ಆನಂದವನ್ನು ಪಡೆಯಲು ಕುಣಿಯುವವನಿಗೂ ಆನಂದವಾದ್ದರಿಂದ ಕುಣಿಯುವವನಿಗೂ ಇರುವ ಅಂತರವೇ ಮೊದಲ ಒರೆಗಲ್ಲನ್ನು ದಾಟುವ ಸೇತುವೆ. ನನಗೆ ಈ ಮೂರರಲ್ಲಿ ಮಧ್ವರ ದೃಷ್ಟಾಂತವೇ ಹೆಚ್ಚು ನಿಖರವೆನಿಸುತ್ತದೆ. ಕುಮಾರಿಲನ ಕವಲುದಾರಿಯಲ್ಲಿ ಕೊರತೆ ಮತ್ತು ಅವಿವೇಕ ಎರಡೇ ಆಯ್ಕೆಗಳಿದ್ದವು, ಕುಣಿಯುವವನು ಅವೆರಡೂ ಅಲ್ಲದ ಮೂರನೆಯದೊಂದು ಇದೆ ಎಂದು ತೋರಿಸುತ್ತಾನೆ.

ಇದೇ ಹೊರಚೆಲ್ಲುವಿಕೆಯನ್ನು ಪಶ್ಚಿಮದ ಕ್ರೈಸ್ತ ಚಿಂತನೆ ಒಳಿತಿನ ಸ್ವಭಾವವೆಂದು ಹೇಳುತ್ತದೆ: ಒಳಿತು ತನ್ನನ್ನು ತಾನೇ ಹಂಚಿಕೊಳ್ಳುವಂಥದ್ದು. ದೇವರು ಏನನ್ನೋ ಗಳಿಸಲು ಕ್ರಿಯೆಗಿಳಿಯುವುದಿಲ್ಲ, ತನ್ನ ಪೂರ್ಣತೆಯನ್ನು ಹಂಚಲೆಂದೇ ಇಳಿಯುತ್ತಾನೆ ಎಂಬುದು ಅಕ್ವಿನಾಸನ ನಿಲುವು. ಬೈಬಲ್ಲಿನ ಯೆಶಾಯನ ಗ್ರಂಥದಲ್ಲಿ (43:7) "ನನ್ನ ಮಹಿಮೆಗಾಗಿ ಸೃಷ್ಟಿಸಿದೆ" ಎಂಬ ಅರ್ಥದ ಮಾತಿದೆ, ಅದು ಹೊಗಳಿಕೆಗೆ ಹಸಿದ ಅರಸನ ಮಾತಿನಂತೆ ಕೇಳಿಸುವ ಅಪಾಯವೂ ಇದೆ. 1870ರಲ್ಲಿ ಕ್ಯಾಥೊಲಿಕ್ ಚರ್ಚಿನ ಮೊದಲನೆಯ ವ್ಯಾಟಿಕನ್ ಮಹಾಸಭೆ, ದೇವರು ಸೃಷ್ಟಿಸಿದ್ದು ತನ್ನ ಆನಂದವನ್ನು ಹೆಚ್ಚಿಸಿಕೊಳ್ಳಲಿಕ್ಕಲ್ಲ, ಜೀವಿಗಳಿಗೆ ಕೊಡುವ ಒಳಿತಿನ ಮೂಲಕ ತನ್ನ ಪೂರ್ಣತೆಯನ್ನು ತೋರಲಿಕ್ಕೆ ಎಂದು ಸ್ಪಷ್ಟಪಡಿಸಿತು.

ಇಸ್ಲಾಮಿನ ಉತ್ತರಗಳನ್ನು ಓದುವಾಗ ಒಂದು ಎಚ್ಚರಿಕೆ ಬೇಕು. ಆಕಾಶವನ್ನೂ ಭೂಮಿಯನ್ನೂ ಅವುಗಳ ನಡುವಿನದ್ದನ್ನೂ ನಾವು ಆಟಕ್ಕಾಗಿ ಸೃಷ್ಟಿಸಲಿಲ್ಲ ಎಂದು ಕುರ್‌ಆನ್ (21:16) ಹೇಳುತ್ತದೆ. ಇದು ಲೀಲಾವಾದದ ನೇರ ಖಂಡನೆಯೆಂದು ಆತುರಪಡಬಾರದು. ಅಲ್ಲಿ ನಿರಾಕರಿಸಿರುವುದು ಗಂಭೀರತೆಯಿಲ್ಲದ ಹುಡುಗಾಟವನ್ನು, ವೇದಾಂತದ ಲೀಲೆ ಹೇಳುವುದು ಕೊರತೆಯಿಲ್ಲದ ಕರ್ತೃತ್ವವನ್ನು. ಆ ಪರಂಪರೆಯೊಳಗೇ ಈ ಬಗ್ಗೆ ದೊಡ್ಡ ವಾದ ನಡೆದಿದೆ: ದೇವರ ಕ್ರಿಯೆಗೆ ಜೀವಿಗಳ ಹಿತವೆಂಬ ವಿವೇಕಯುಕ್ತ ಉದ್ದೇಶ ಇದ್ದೇ ಇರಬೇಕು ಎಂದು ಮುಅತಜಿಲಾ ಪಂಥದವರೂ, ಉದ್ದೇಶವೊಂದು ಅವನನ್ನು ಪ್ರೇರೇಪಿಸಿತೆಂದರೆ ಅವನಲ್ಲಿ ಅಪೂರ್ಣತೆಯನ್ನು ಆರೋಪಿಸಿದಂತೆ ಎಂದು ಅಶ್‌ಅರೀ ಪಂಥದವರೂ ವಾದಿಸಿದರು. "ನಾನೊಂದು ಗುಪ್ತನಿಧಿಯಾಗಿದ್ದೆ, ಅರಿಯಲ್ಪಡಬೇಕೆಂದು ಬಯಸಿ ಲೋಕವನ್ನು ಸೃಷ್ಟಿಸಿದೆ" ಎಂಬ, ಸೂಫಿಗಳಿಗೆ ಪ್ರಿಯವಾದ ಮಾತನ್ನು ಹದೀಸ್, ಅಂದರೆ ಪ್ರವಾದಿಯ ನುಡಿಗಳನ್ನು, ಪರಿಶೀಲಿಸುವ ಅನೇಕ ವಿದ್ವಾಂಸರು ಪ್ರಮಾಣವೆಂದು ಒಪ್ಪಿಲ್ಲ. ಆದರೂ ಅದರ ಚೆಲುವು ಮನಸ್ಸನ್ನು ಬಿಡುವುದಿಲ್ಲ.

ಮನುಷ್ಯನ ಪ್ರಶ್ನೆಯನ್ನು ಬೇರೆಯಾಗಿ ಎತ್ತಿಕೊಳ್ಳಿ

ಜಗತ್ತು ಏಕೆ ಎಂಬುದಕ್ಕೆ ಸಿಕ್ಕ ಉತ್ತರ ಮನುಷ್ಯ ಏಕೆ ಎಂಬುದಕ್ಕೆ ತಾನಾಗಿ ಹೊಂದುವುದಿಲ್ಲ. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ, ಭೂಮಿಯದು ಸುಮಾರು 454 ಕೋಟಿ, ನಮ್ಮ ಜಾತಿಯ ಮನುಷ್ಯರದು ಸುಮಾರು 3 ಲಕ್ಷ. ಇಡೀ ವಿಶ್ವದ ಆಯಸ್ಸನ್ನು ಒಂದು ವರ್ಷಕ್ಕೆ ಇಳಿಸಿದರೆ ಮನುಷ್ಯನು ಬರುವುದು ಡಿಸೆಂಬರ್ 31ರ ರಾತ್ರಿ, ಕೊನೆಯ ಹನ್ನೆರಡು ನಿಮಿಷಗಳ ಒಳಗೆ. ಎಲ್ಲವೂ ನಮಗಾಗಿಯೇ ಎನ್ನುವ ಉತ್ತರವನ್ನು ಈ ಅಳತೆಯ ಪಕ್ಕದಲ್ಲಿಟ್ಟು ನೋಡಬೇಕು. ಇದರಿಂದ ಮನುಷ್ಯನಿಗೆ ಬೆಲೆಯಿಲ್ಲವೆಂದು ಸಿದ್ಧವಾಗುವುದಿಲ್ಲ, ಏಕೆಂದರೆ ಸರ್ವಶಕ್ತನಿಗೆ ಕಾಲದ ಮಿತವ್ಯಯದ ಅಗತ್ಯವಿಲ್ಲ. ಆದರೆ ಉಳಿದ ಸೃಷ್ಟಿಗೂ ತನ್ನದೇ ಆದ ಅರ್ಥವಿರಬೇಕು ಎಂಬುದನ್ನು ಒಪ್ಪದ ಉತ್ತರ ನನಗೆ ಸಾಲದೆನಿಸುತ್ತದೆ.

ಮನುಷ್ಯನನ್ನು ಮಾಡಿದ್ದು ಪರೀಕ್ಷಿಸಲು ಎಂಬ ಉತ್ತರವಿದೆ. ನಿಮ್ಮಲ್ಲಿ ಯಾರ ನಡತೆ ಉತ್ತಮವೆಂದು ಪರೀಕ್ಷಿಸಲು ಮರಣವನ್ನೂ ಜೀವನವನ್ನೂ ಸೃಷ್ಟಿಸಿದವನು ಎಂದು ಕುರ್‌ಆನ್ (67:2) ಹೇಳುತ್ತದೆ. ಫಲಿತಾಂಶವನ್ನು ಮೊದಲೇ ಬಲ್ಲವನಿಗೆ ಪರೀಕ್ಷೆ ಏಕೆ ಎಂದು ಯಾರಾದರೂ ಕೇಳುತ್ತಾರೆ. ಪರೀಕ್ಷೆಯಿಂದ ತಿಳಿದುಕೊಳ್ಳುವುದು ಪರೀಕ್ಷಕನಿಗಾಗಿಯಲ್ಲ, ಬರೆಯುವವನು ಬರೆಯುತ್ತಲೇ ಏನೋ ಆಗುತ್ತಾನೆ ಎಂದು ಅರ್ಥಮಾಡಿಕೊಂಡಾಗ ಮಾತ್ರ ಈ ಉತ್ತರ ನಿಲ್ಲುತ್ತದೆ.

ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಂಡದ್ದನ್ನು ಈಗ ನೋಡಿ. ಸೃಷ್ಟಿಯಿಲ್ಲದೆ ಅರ್ಥವೇ ಇಲ್ಲದ ಗುರಿ ಯಾವುದಾದರೂ ಇದೆಯೇ? ಇದೆ. ಕೊಡುವುದು. ಪಡೆಯುವವನು ಇಲ್ಲದೆ ಕೊಡುವುದೆಂಬುದಿಲ್ಲ. ತಾನಾಗಿ ಹುಟ್ಟುವ ಸ್ನೇಹ ಇನ್ನೊಂದು. ಬಲವಂತದಿಂದ ಬರಿಸಿದ ಸ್ನೇಹವು ಸ್ನೇಹವೇ ಅಲ್ಲವಾದ್ದರಿಂದ, ಅದನ್ನು ನೇರವಾಗಿ ಉಂಟುಮಾಡಲಾಗದಿರುವುದು ಚೌಕಾಕಾರದ ವೃತ್ತವನ್ನು ಮಾಡಲಾಗದಂತೆಯೇ ಹೊರತು ದೌರ್ಬಲ್ಯವಲ್ಲ. 16ನೆಯ ಶತಮಾನದ ಯೆಹೂದಿ ಅನುಭಾವಿ ಐಸಾಕ್ ಲೂರಿಯಾ, ಅನಂತನು ತನ್ನನ್ನು ತಾನೇ ಕುಗ್ಗಿಸಿಕೊಂಡು ಲೋಕಕ್ಕೆ ಜಾಗ ಮಾಡಿಕೊಟ್ಟ ಎಂದು ಬೋಧಿಸಿದ. ಇನ್ನೊಬ್ಬರು ತಾವಾಗಿ ಇರಲು ಸರಿದು ಜಾಗ ಬಿಡುವುದೂ ಶಕ್ತಿಯೇ, ಪ್ರಾಯಶಃ ಎಲ್ಲಕ್ಕಿಂತ ದೊಡ್ಡ ಶಕ್ತಿ ಎಂದು ನಾನು ನಂಬುತ್ತೇನೆ. ಹುಟ್ಟುವ ಮೊದಲು ನಾವು ಇರಲಿಲ್ಲವಾದ್ದರಿಂದ ನಮಗೆ ಯಾವ ಕೊರತೆಯೂ ಇರಲಿಲ್ಲ, ಕೇಳಿಕೊಳ್ಳಲು ನಾವೂ ಇರಲಿಲ್ಲ. ಹಾಗಾಗಿ ಈ ಕೊಡುಗೆ ಯಾರ ಕೋರಿಕೆಗೂ ಉತ್ತರವಲ್ಲ, ಯಾರ ಅಗತ್ಯಕ್ಕೂ ಪರಿಹಾರವಲ್ಲ.

ಕೊನೆಯ ಪರೀಕ್ಷೆಯನ್ನು ದುಃಖದ ಎದುರಿಗೆ ನಡೆಸಿ

ಇಷ್ಟಾದ ಮೇಲೆ ನಿಮಗೆ ಒಪ್ಪಿಗೆಯಾದ ಉತ್ತರವನ್ನು ನೋವಿನ ಮುಂದೆ ಇಡಲೇಬೇಕು. ಇರಬಹುದಾದ ಲೋಕಗಳಲ್ಲಿ ಇದೇ ಅತ್ಯುತ್ತಮವೆಂದು ಜರ್ಮನ್ ತತ್ತ್ವಜ್ಞಾನಿ ಲೈಬ್ನಿಜ್ 1710ರಲ್ಲಿ ವಾದಿಸಿದ್ದ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಜನ ಚರ್ಚುಗಳಲ್ಲಿ ಸೇರಿದ್ದಾಗ ಪೋರ್ಚುಗಲ್ಲಿನ ಲಿಸ್ಬನ್ ನಗರ ಭೂಕಂಪಕ್ಕೆ ಕುಸಿಯಿತು. ಕುಸಿತದ ಬೆನ್ನಿಗೆ ಸಮುದ್ರದ ಅಲೆ ಬಂತು, ಬೆಂಕಿ ಹತ್ತಿತು. ಯೂರೋಪಿನ ಚಿಂತಕರಲ್ಲಿ ಅನೇಕರು ಆ ವಾದವನ್ನು ಮೊದಲಿನ ನೆಮ್ಮದಿಯಿಂದ ಹೇಳಲಾರದೆ ಹೋದರು.

ನನಗೆ ಈ ಪಾಠ ಒಂದು ಸಾವಿನ ಮನೆಯಲ್ಲಿ ಆಯಿತು. ಮಗುವನ್ನು ಕಳೆದುಕೊಂಡು ಗೋಡೆಗೊರಗಿ ಕುಳಿತಿದ್ದ ತಾಯಿಗೆ ಸಮಾಧಾನ ಹೇಳಲು ಹೋಗಿ "ಎಲ್ಲ ಭಗವಂತನ ಲೀಲೆ" ಎಂದೆ. ಅವರು ತಲೆಯೆತ್ತಿ, "ಆಡೋಕೆ ಅವನಿಗೆ ನನ್ನ ಮಗೂನೇ ಬೇಕಿತ್ತಾ?" ಎಂದರು. ಅವರ ಕೈಯಲ್ಲಿ ಮಗುವಿನ ಒಂದು ಕಾಲುಚೀಲವಿತ್ತು, ಅದನ್ನು ಬೆರಳಿಗೆ ಸುತ್ತಿ ಬಿಚ್ಚಿ ಮತ್ತೆ ಸುತ್ತುತ್ತಿದ್ದರು. ನಾನು ಹೇಳಿದ ಮಾತು ಸೂತ್ರದಲ್ಲಿ ಸರಿಯಿರಬಹುದು, ಆ ಕೋಣೆಯಲ್ಲಿ ಅದು ಕ್ರೌರ್ಯವಾಗಿತ್ತು. ಎರಡನೆಯ ಒರೆಗಲ್ಲು ನನಗೆ ಸಿಕ್ಕಿದ್ದು ಅಲ್ಲಿಯೇ.

ಸೂತ್ರಕಾರರಿಗೂ ಈ ಅಪಾಯ ಗೊತ್ತಿತ್ತು. ಲೀಲೆಯ ಸೂತ್ರದ ಮರುಸೂತ್ರವೇ ದೇವರಲ್ಲಿ ಪಕ್ಷಪಾತವೂ ನಿರ್ದಯತೆಯೂ ಇವೆಯೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡು, ಇಲ್ಲ, ಅವನು ಜೀವಿಗಳ ಕರ್ಮವನ್ನು ಅಪೇಕ್ಷಿಸಿ ಸೃಷ್ಟಿಸುತ್ತಾನೆ ಎನ್ನುತ್ತದೆ. ಶಂಕರರು ಮಳೆಯ ದೃಷ್ಟಾಂತ ಕೊಡುತ್ತಾರೆ: ಮಳೆ ಎಲ್ಲಕ್ಕೂ ಸಮಾನ, ಭತ್ತ ಭತ್ತವಾಗಿಯೂ ಜವೆ ಜವೆಯಾಗಿಯೂ ಬೆಳೆಯುವುದು ಬೀಜದಿಂದ. ಈ ಉತ್ತರ ನೋವಿನ ಹಂಚಿಕೆಯನ್ನು ವಿವರಿಸುತ್ತದೆ. ಮೊದಲ ಕರ್ಮ ಎಲ್ಲಿಂದ ಬಂತು ಎಂದರೆ, ಸಂಸಾರ ಅನಾದಿಯೆಂದು ಮುಂದಿನ ಸೂತ್ರ ಹೇಳುತ್ತದೆ. ವಾದವಾಗಿ ಇದು ಸುಸಂಬದ್ಧ. ಆದರೆ ಇದನ್ನು ನೊಂದವರ ಎದುರಿಗೆ ಎಂದೂ ಆಡಬಾರದು, ಏಕೆಂದರೆ ಅಲ್ಲಿ ಅದು ತಪ್ಪನ್ನು ಅವರ ಮೇಲೇ ಹೊರಿಸಿದಂತೆ ಕೇಳಿಸುತ್ತದೆ. ಮನುಷ್ಯನನ್ನು ಭೂಮಿಯ ಮೇಲೆ ನೇಮಿಸುವಾಗ ದೇವದೂತರೇ ಕೇಳಿದ ಪ್ರಶ್ನೆ ಕುರ್‌ಆನಿನಲ್ಲಿದೆ (2:30): ರಕ್ತ ಹರಿಸುವವನನ್ನು ಅಲ್ಲಿ ಇಡುವೆಯಾ? ನೀವು ಅರಿಯದ್ದನ್ನು ನಾನು ಬಲ್ಲೆ ಎಂಬುದಷ್ಟೇ ಅವರಿಗೆ ಸಿಕ್ಕ ಉತ್ತರ. ಋಗ್ವೇದದ ನಾಸದೀಯ ಸೂಕ್ತದ (10.129) ಕೊನೆಯ ಋಕ್ಕು ಇನ್ನೂ ಮುಂದೆ ಹೋಗಿ, ಪರಮವ್ಯೋಮದಲ್ಲಿರುವ ಇದರ ಅಧ್ಯಕ್ಷನು ಬಲ್ಲನೋ, ಅಥವಾ ಅವನೂ ಅರಿಯನೋ ಎಂದು ಕೇಳುತ್ತದೆ. ನಿಮ್ಮ ಹಾಳೆಯಲ್ಲಿ ಈ ಭಾಗಕ್ಕೆ ಸ್ವಲ್ಪ ಜಾಗವನ್ನು ಖಾಲಿ ಬಿಡಿ, ಅದನ್ನು ಒತ್ತಾಯದಿಂದ ತುಂಬಬೇಡಿ.

ಮಗುವಿಗೆ ಹೇಳುವಾಗ

ನಿಮ್ಮ ಉತ್ತರವನ್ನು ಒಂದು ಮಗುವಿಗೆ ಅರ್ಥವಾಗುವ ನಾಲ್ಕು ವಾಕ್ಯಗಳಲ್ಲಿ ಹೇಳಲು ಪ್ರಯತ್ನಿಸಿ. ಹೇಳಲಾಗದಿದ್ದರೆ ಎಲ್ಲೋ ಒಂದು ಪದ ಇನ್ನೂ ಬಿಡಿಸದೆ ಉಳಿದಿದೆ ಎಂದರ್ಥ. ನನ್ನ ವಿಷಯದಲ್ಲಿ ಆ ಪದ "ಬೇಕು" ಎಂಬುದಾಗಿತ್ತು. ಕನ್ನಡದಲ್ಲಿ ಅದಕ್ಕೆ ಎರಡು ಮುಖಗಳಿವೆ. ಉಸಿರಾಡಲು ಗಾಳಿ ಬೇಕು ಎನ್ನುವಾಗ ಅದು ಅಗತ್ಯ. ಆದರೆ ಒಬ್ಬರನ್ನು "ನಮಗೆ ಬೇಕಾದವರು" ಎನ್ನುವಾಗ, ಅವರಿಲ್ಲದೆ ನಮ್ಮ ಕೆಲಸ ನಡೆಯದು ಎಂದು ಯಾರೂ ಅರ್ಥಮಾಡಿಕೊಳ್ಳುವುದಿಲ್ಲ, ಅವರು ನಮಗೆ ಪ್ರಿಯರು ಎಂದಷ್ಟೇ ತಿಳಿಯುತ್ತಾರೆ.

ಕೆಲವು ದಿನಗಳ ನಂತರ ಆ ಹುಡುಗಿಗೆ ಹೇಳಿದೆ: ದೇವರಿಗೆ ಬೇಜಾರಾಗಿರಲಿಲ್ಲ. ನಾವಿಲ್ಲದಿದ್ದರೆ ಅವನಿಗೆ ಏನೂ ಕಡಿಮೆಯಾಗುತ್ತಿರಲಿಲ್ಲ. ತುಂಬ ಸಂತೋಷವಾದಾಗ ನೀನು ಸುಮ್ಮನೆ ಕುಣಿಯುತ್ತೀಯಲ್ಲ, ಅವನು ಮಾಡಿದ್ದು ಬಹುಶಃ ಹಾಗೆ. ಆದರೆ ನೋವು ಯಾಕೆ ಎಂದು ಕೇಳಿದರೆ ನನ್ನ ಉತ್ತರ ಇನ್ನೂ ಪೂರ್ತಿಯಾಗಿಲ್ಲ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾವು ಅವನಿಗೆ ಬೇಕಾಗಿರಲಿಲ್ಲವಾ?" ಎಂದಳು.

"ಬೇಕಾಗಿರಲಿಲ್ಲ, ಆದರೆ ಬೇಕಾದವರು" ಎಂದೆ. ಅವಳು ಅದನ್ನು ಎರಡು ಸಲ ತನ್ನಷ್ಟಕ್ಕೆ ಹೇಳಿಕೊಂಡು, ಮಡಚಿಟ್ಟ ಪುಸ್ತಕವನ್ನು ಮತ್ತೆ ತೆರೆದಳು.